ಮೂವತ್ತೆರಡು ವೋಲ್ಟಿನ ಮನೆಗಳು

ಕರೆಂಟ್ ಕಂಬ ಬಾರದ ಮನೆಯಲ್ಲಿ ವಿದ್ಯುತ್ ದೀಪ ಉರಿಯಬೇಕಾದರೆ ಎರಡು ಕೆಲಸ ಆಗಬೇಕು. ವಿದ್ಯುತ್ತನ್ನು ಹುಟ್ಟಿಸಬೇಕು, ಹುಟ್ಟಿದ್ದನ್ನು ಕತ್ತಲಾಗುವ ತನಕ ಎಲ್ಲಾದರೂ ಕೂಡಿಡಬೇಕು. ಮೊದಲನೆಯ ಕೆಲಸಕ್ಕೆ ಒಂದೂವರೆ ಶತಮಾನದಲ್ಲಿ ಸೀಮೆಎಣ್ಣೆ ಎಂಜಿನ್ನು, ಗಾಳಿಯಂತ್ರ, ಹಳ್ಳದ ನೀರು, ಬಿಸಿಲು ಎಲ್ಲವೂ ಬಂದವು. ಎರಡನೆಯ ಕೆಲಸ ಮಾತ್ರ ಇತ್ತೀಚಿನವರೆಗೂ ಬಹುಪಾಲು ಒಂದೇ ವಸ್ತುವಿನ ತಲೆಗೆ ಬಿದ್ದಿತ್ತು: ಸೀಸದ ಪ್ಲೇಟುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿಟ್ಟ ಬ್ಯಾಟರಿ. ಒಂಟಿ ಮನೆಗಳ ಬೆಳಕಿನ ಕಥೆಯಲ್ಲಿ ಎಂಜಿನ್ನು, ರೆಕ್ಕೆ, ಪ್ಯಾನೆಲ್ಲುಗಳಿಗೆ ಹೆಚ್ಚು ಹೆಸರು ಬಂದಿದೆ. ಆದರೆ ಆ ಮನೆಗಳಲ್ಲಿ ದೀಪ ಕೈಕೊಟ್ಟದ್ದು ಸಾಮಾನ್ಯವಾಗಿ ಬ್ಯಾಟರಿಗೆ ಹೊಟ್ಟೆ ತುಂಬ ಉಣಿಸದೆ ಇದ್ದುದರಿಂದ.

ಈ ಬ್ಯಾಟರಿ ಹುಟ್ಟಿದ್ದು 1859ರಲ್ಲಿ, ಫ್ರಾನ್ಸಿನ ಗಾಸ್ತೋನ್ ಪ್ಲಾಂತೆಯ ಕೈಯಲ್ಲಿ. ಎರಡು ಸೀಸದ ಹಾಳೆಗಳು ಒಂದಕ್ಕೊಂದು ತಾಗದಂತೆ ನಡುವೆ ಪಟ್ಟಿ ಇಟ್ಟು, ಚಾಪೆಯ ಹಾಗೆ ಸುರುಳಿ ಸುತ್ತಿ, ತೆಳುವಾದ ಗಂಧಕಾಮ್ಲಕ್ಕೆ ಇಳಿಬಿಟ್ಟ. ವಿದ್ಯುತ್ ಹರಿಸಿದಾಗ ಒಂದು ಹಾಳೆಯ ಮೇಲೆ ಸೀಸದ ಡೈಆಕ್ಸೈಡಿನ ಕಂದು ಪದರ ಕೂತಿತು. ಆಮೇಲೆ ಎರಡು ತುದಿಗಳಿಗೂ ತಂತಿ ಕೂಡಿಸಿದರೆ ಒಳಗೆ ಹೋದ ವಿದ್ಯುತ್ತು ಹೊರಗೆ ಬಂತು. ಆದರೆ ನುಣುಪಾದ ಹಾಳೆಯ ಮೇಲ್ಮೈಯಷ್ಟೇ ಕೆಲಸ ಮಾಡುತ್ತಿತ್ತು. ಒಳಗಿನ ಸೀಸವೂ ಪಳಗಬೇಕಾದರೆ ಅದನ್ನು ತಿಂಗಳುಗಟ್ಟಲೆ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಬೇಕಿತ್ತು. ಕೆಲಸಕ್ಕೆ ಬರುವಂಥ ಡೈನಮೊ ಆಗಿನ್ನೂ ಇರಲಿಲ್ಲ. ಸತುವನ್ನು ಆಮ್ಲದಲ್ಲಿ ಕರಗಿಸಿ ವಿದ್ಯುತ್ ಕೊಡುವ ಬೇರೆ ಬಗೆಯ ಬ್ಯಾಟರಿಯಿಂದ ಇದನ್ನು ತುಂಬಿಸಬೇಕಿತ್ತು. ಒಂದು ಹಂಡೆಯ ನೀರನ್ನು ಇನ್ನೊಂದು ಹಂಡೆಗೆ ಮೊಗೆದು ಹಾಕಿದಂಥ ಈ ಕೆಲಸದಿಂದ ಮನೆ ಬೆಳಗುವಂತಿರಲಿಲ್ಲ. ಇಪ್ಪತ್ತು ವರ್ಷ ಅದು ಪ್ರಯೋಗಶಾಲೆಯಲ್ಲೇ ಉಳಿಯಿತು.

1870ರ ದಶಕದಲ್ಲಿ ಡೈನಮೊ ಬಂತು. 1881ರಲ್ಲಿ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಕಮೀಯ್ ಫೋರ್, ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಪ್ಲೇಟಿಗೆ ಮೆತ್ತುವ ಉಪಾಯ ಕಂಡುಹಿಡಿದ. ಪಳಗಿಸುವ ತಿಂಗಳುಗಳ ಕೆಲಸ ಅಲ್ಲಿಗೆ ತಪ್ಪಿತು. ಅದೇ ವರ್ಷ ಮೇ ತಿಂಗಳಲ್ಲಿ ತುಂಬಿಸಿದ ಫೋರ್ ಸೆಲ್‌ಗಳ ಒಂದು ಪೆಟ್ಟಿಗೆ ಪ್ಯಾರಿಸ್ಸಿನಿಂದ ಹೊರಟು, 72 ಗಂಟೆ ಪಯಣಿಸಿ, ಗ್ಲಾಸ್ಗೋದಲ್ಲಿದ್ದ ವಿಲಿಯಂ ಥಾಮ್ಸನ್‌ಗೆ ತಲುಪಿತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ಅದರಲ್ಲಿ ಹತ್ತು ಲಕ್ಷ ಅಡಿ-ಪೌಂಡಿನಷ್ಟು ಶಕ್ತಿ ಇದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಓಡಾಡಿತು. ಇಂದಿನ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಅದು ಒಂದು ಯೂನಿಟ್ಟಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಆದರೂ ಒಂದು ಊರಿನಲ್ಲಿ ತುಂಬಿಸಿದ ವಿದ್ಯುತ್ತು ಸಮುದ್ರ ದಾಟಿ ಇನ್ನೊಂದು ಊರಿನಲ್ಲಿ ದೀಪ ಹೊತ್ತಿಸಬಹುದು ಎಂಬುದು ಆ ಕಾಲಕ್ಕೆ ಬೆರಗಿನ ಸಂಗತಿ. ತಮ್ಮ ಮನೆಗೆ ವಿದ್ಯುತ್ ದೀಪ ಹಾಕಿಸಿಕೊಂಡ ಮೊದಲಿಗರಲ್ಲಿ ಥಾಮ್ಸನ್ ಕೂಡ ಒಬ್ಬರು.

ಮುಂದಿನ ಇಪ್ಪತ್ತು ವರ್ಷ ಬ್ಯಾಟರಿಯ ಬೆಳಕು ಸಿರಿವಂತರದು. ಬ್ರಿಟನ್ನಿನ ಹಳ್ಳಿಗಾಡಿನ ಬಂಗಲೆಗಳಲ್ಲಿ ಹಗಲು ಉಗಿ ಎಂಜಿನ್ನೋ ನೀರಿನ ಟರ್ಬೈನೋ ಡೈನಮೊ ತಿರುಗಿಸುತ್ತಿತ್ತು. ರಾತ್ರಿ ಅತಿಥಿಗಳು ಊಟಕ್ಕೆ ಕೂತಾಗ ಎಂಜಿನ್ನಿನ ಗದ್ದಲವಿಲ್ಲದೆ ದೀಪ ಉರಿಯಬೇಕು. ಅದಕ್ಕಾಗಿ ಮನೆಯಿಂದ ಸ್ವಲ್ಪ ದೂರದಲ್ಲಿ ಬ್ಯಾಟರಿಗೆಂದೇ ಒಂದು ಕೊಟ್ಟಿಗೆ, ಅಲ್ಲಿ ಮರದ ಅಟ್ಟಣೆಗಳ ಮೇಲೆ ಸಾಲಾಗಿ ಗಾಜಿನ ತೊಟ್ಟಿಗಳು, ಅವನ್ನು ನೋಡಿಕೊಳ್ಳಲು ಸಂಬಳದ ಆಳು. ಆ ಆಳು ಏನು ಮಾಡುತ್ತಿದ್ದ ಎಂಬುದು ತಿಳಿಯದೆ ಮುಂದಿನ ಇತಿಹಾಸ ಅರ್ಥವಾಗುವುದಿಲ್ಲ.

ಬ್ಯಾಟರಿಯಿಂದ ಕರೆಂಟ್ ಎಳೆದಂತೆಲ್ಲ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿ ಪದಾರ್ಥ ಕಟ್ಟುತ್ತದೆ. ಆಮ್ಲ ಬಳಕೆಯಾಗಿ ನೀರಿನಂತಾಗುತ್ತ ಹೋಗುತ್ತದೆ. ತಿರುಗಿ ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಇದು ನಡೆಯುವುದು ಸಲ್ಫೇಟ್ ಹೊಸದಾಗಿರುವಾಗ. ಹಸಿ ಗಾರೆಯನ್ನು ಬಟ್ಟೆಯಿಂದ ಒರೆಸಬಹುದು, ಒಣಗಿದ ಮೇಲೆ ಉಳಿಯೇ ಬೇಕು. ಹಾಗೆಯೇ ಅರೆ ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಬಿಟ್ಟರೆ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅಷ್ಟು ಭಾಗ ಸತ್ತಂತೆ. ಅತಿಯಾಗಿ ಚಾರ್ಜ್ ಮಾಡಿದರೂ ಕೇಡು: ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಅನಿಲಗಳಾಗಿ ಹಾರಿಹೋಗುತ್ತದೆ, ಪ್ಲೇಟಿಗೆ ಮೆತ್ತಿದ ಹಿಟ್ಟು ಉದುರಿ ತಳ ಸೇರುತ್ತದೆ. ಕೊಟ್ಟಿಗೆಯ ಆಳಿನ ಕೆಲಸ ಈ ಎರಡು ಕೇಡುಗಳ ನಡುವಿನದು. ಹೈಡ್ರೋಮೀಟರನ್ನು ಆಮ್ಲದಲ್ಲಿ ತೇಲಿಬಿಟ್ಟು ಸಾಂದ್ರತೆ ಓದಿ, ಪುಸ್ತಕದಲ್ಲಿ ಬರೆದು, ಯಾವ ತೊಟ್ಟಿ ಹಿಂದೆ ಬಿದ್ದಿದೆ ಎಂದು ನೋಡಿ, ಬಟ್ಟಿ ಇಳಿಸಿದ ನೀರು ಹಾಕಬೇಕು. ತುಂಬಿದ ಸೆಲ್‌ನ ಸಾಂದ್ರತೆ ಸುಮಾರು 1.265, ಖಾಲಿಯಾದದ್ದು 1.12ರ ಆಸುಪಾಸಿಗೆ ಇಳಿಯುತ್ತದೆ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಡೈರಿಯಲ್ಲಿ ತೇಲಿಬಿಡುವ ಗಾಜಿನ ಕಡ್ಡಿಯ ಹತ್ತಿರದ ಬಂಧುವೇ ಈ ಹೈಡ್ರೋಮೀಟರು.

ಇದೇ ವ್ಯವಸ್ಥೆ ರೈಲು ಡಬ್ಬಿಯನ್ನೂ ಏರಿತು. 19ನೇ ಶತಮಾನದ ಕೊನೆಯ ದಶಕದಲ್ಲಿ ಬ್ರಿಟನ್ನಿನ ಸ್ಟೋನ್ ಕಂಪನಿ ಗಾಲಿಯ ಅಚ್ಚಿಗೆ ಬೆಲ್ಟ್ ಕಟ್ಟಿ ಡೈನಮೊ ತಿರುಗಿಸುವ ಏರ್ಪಾಟು ತಂದಿತು. ರೈಲು ಓಡುವಾಗ ಬ್ಯಾಟರಿ ತುಂಬುತ್ತದೆ, ನಿಲ್ದಾಣದಲ್ಲಿ ನಿಂತಾಗ ಅದರಿಂದಲೇ ದೀಪ ಉರಿಯುತ್ತದೆ. ಭಾರತದ ರೈಲುಗಳಲ್ಲೂ ಇದು ದೀರ್ಘಕಾಲ ನಡೆಯಿತು.

ಆಳಿಲ್ಲದ ಮನೆಗೆ ಬ್ಯಾಟರಿಯನ್ನು ತಂದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1876ರಲ್ಲಿ ಒಹಾಯೊ ರಾಜ್ಯದ ಲೌಡನ್‌ವಿಲ್ ಬಳಿ ರೈತ ಕುಟುಂಬದಲ್ಲಿ ಹುಟ್ಟಿದ ಈತ ಡೇಟನ್ ನಗರದಲ್ಲಿ ಡೆಲ್ಕೊ ಎಂಬ ಸಂಸ್ಥೆ ಕಟ್ಟಿ, 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಮಾಡಿಕೊಟ್ಟಿದ್ದ. ಎಂಜಿನ್ನು ತಿರುಗಿದಾಗ ಬ್ಯಾಟರಿ ತುಂಬಿ, ನಿಂತಾಗ ಬ್ಯಾಟರಿಯೇ ಎಂಜಿನ್ನನ್ನು ಎಬ್ಬಿಸುವ ಏರ್ಪಾಟು ಅದು. ಕಾರಿನಿಂದ ಚಕ್ರ ಕಳಚಿದರೆ ಉಳಿಯುವುದು ಹೆಚ್ಚುಕಡಿಮೆ ಒಂದು ಮನೆಯ ವಿದ್ಯುತ್ ಕೇಂದ್ರವೇ. 1916ರಲ್ಲಿ ಡೆಲ್ಕೊ-ಲೈಟ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು: ಒಂದು ಸಿಲಿಂಡರಿನ, ಗಾಳಿಯಿಂದ ತಣಿಯುವ ಎಂಜಿನ್ನು, ಅದಕ್ಕೇ ಜೋಡಿಸಿದ ಜನರೇಟರು, ಪಕ್ಕದಲ್ಲಿ ಗಾಜಿನ ಜಾಡಿಗಳ 16 ಸೆಲ್‌ಗಳು. ಒಂದೊಂದು ಸೆಲ್ ಎರಡು ವೋಲ್ಟು, ಒಟ್ಟು 32 ವೋಲ್ಟು. ಅಮೆರಿಕದ ಹೊಲಮನೆಗಳಿಗೆ ಅಲ್ಲಿಂದ ಮುಂದೆ ಮೂವತ್ತು ವರ್ಷ ಇದೇ ಅಳತೆ ಗಟ್ಟಿಯಾಯಿತು. ಬಲ್ಬು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರದ ಮೋಟಾರು, ರೇಡಿಯೊ ಎಲ್ಲವೂ 32 ವೋಲ್ಟಿಗೆಂದೇ ತಯಾರಾಗಿ ಅಂಚೆಯ ಮೂಲಕ ಮಾರುವ ಅಂಗಡಿಗಳ ಕ್ಯಾಟಲಾಗುಗಳಿಗೆ ಏರಿದವು.

ಪಟ್ಟಣಗಳಲ್ಲಿ 110 ವೋಲ್ಟು ಇರುವಾಗ 32 ಏಕೆ? 110 ವೋಲ್ಟಿಗೆ 55 ಸೆಲ್ ಬೇಕು. ಅಷ್ಟು ಜಾಡಿಗಳನ್ನು ಕೊಳ್ಳುವ ಶಕ್ತಿ ರೈತನಿಗಿಲ್ಲ, ಅವುಗಳಿಗೆ ನೀರು ಹಾಕುತ್ತ ಕೂರುವ ಪುರುಸೊತ್ತು ಮೊದಲೇ ಇಲ್ಲ. ಕಡಿಮೆ ವೋಲ್ಟಿಗೆ ದಂಡವೂ ಇತ್ತು. 40 ವಾಟಿನ ಬಲ್ಬು 110 ವೋಲ್ಟಿನಲ್ಲಿ 0.36 ಆಂಪಿಯರ್ ಎಳೆದರೆ, 32 ವೋಲ್ಟಿನಲ್ಲಿ 1.25 ಆಂಪಿಯರ್ ಎಳೆಯುತ್ತದೆ. ಅದೇ ತಂತಿಯಲ್ಲಿ ಸೋರಿಹೋಗುವ ಶಕ್ತಿ ಸುಮಾರು 12 ಪಟ್ಟು. ಮನೆಯೊಳಗೆ ಇದು ನಡೆಯುತ್ತದೆ. ನೂರು ಮಾರು ದೂರದ ದನದ ಕೊಟ್ಟಿಗೆಗೆ ದೀಪ ಒಯ್ಯಬೇಕಾದರೆ ಮಾತ್ರ ದಪ್ಪ ತಾಮ್ರದ ತಂತಿ ಬೇಕು, ಇಲ್ಲವಾದರೆ ಕೊಟ್ಟಿಗೆಯ ಬಲ್ಬು ಕೆಂಡದಂತೆ ಕೆಂಪಗೆ ಮಿನುಗುತ್ತದೆ. ಹೀಗಾಗಿ 32 ವೋಲ್ಟಿನ ಮನೆಯಲ್ಲಿ ಬ್ಯಾಟರಿಗೆ ಹತ್ತಿರ ಇದ್ದವರಿಗೆ ಬೆಳಕು ಜಾಸ್ತಿ, ದೂರ ಇದ್ದವರಿಗೆ ಕಡಿಮೆ.

ಜಾಡಿಗಳು ಸಾಮಾನ್ಯವಾಗಿ ಇರುತ್ತಿದ್ದದ್ದು ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಮೂಟೆಗಳ ನೆರೆಯಲ್ಲಿ. ಗಾಜು ಪಾರದರ್ಶಕವಾದ್ದರಿಂದ ಒಳಗಿನ ಕಂದು ಮತ್ತು ಬೂದು ಪ್ಲೇಟುಗಳು, ತಳದಲ್ಲಿ ಕೂತ ಗಸಿ, ಆಮ್ಲದ ಮಟ್ಟ ಎಲ್ಲ ಕಣ್ಣಿಗೆ ಬೀಳುತ್ತಿದ್ದವು. ಓದುಬರಹ ಹೆಚ್ಚಿಲ್ಲದವನಿಗೂ ತಿಳಿಯಲೆಂದು ಸಾಲಿನಲ್ಲಿ ಒಂದು ಜಾಡಿಯೊಳಗೆ ಸಣ್ಣ ಗುಂಡು ಬಿಟ್ಟಿರುತ್ತಿದ್ದರು. ಆಮ್ಲ ಗಟ್ಟಿಯಿದ್ದರೆ ಗುಂಡು ಮೇಲೆ ತೇಲುತ್ತದೆ, ಬ್ಯಾಟರಿ ಇಳಿದಂತೆ ತಳಕ್ಕೆ ಮುಳುಗುತ್ತದೆ. ಸಂಜೆ ಮೆಟ್ಟಿಲಿಳಿದು ಒಂದು ಸಲ ಇಣುಕಿದರೆ ಸಾಕು, ಎಂಜಿನ್ ಹಚ್ಚಬೇಕೋ ಬೇಡವೋ ತಿಳಿಯುತ್ತಿತ್ತು. ಹೈಡ್ರೋಮೀಟರಿನ ವಿದ್ಯೆಯನ್ನು ಒಂದು ಗುಂಡಿಗೆ ಇಳಿಸಿದ ಈ ಉಪಾಯ, ಎಂಜಿನ್ನಿಗಿಂತ ಹೆಚ್ಚು ಮೆಚ್ಚಬೇಕಾದ ಕೆಲಸ.

ಲೆಕ್ಕ ಸರಳವಾಗಿತ್ತು. 160 ಆಂಪಿಯರ್-ಗಂಟೆಯ ಬ್ಯಾಟರಿ 32 ವೋಲ್ಟಿನಲ್ಲಿ ಸುಮಾರು 5 ಯೂನಿಟ್ ಹಿಡಿಯುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದರೆ ಕೈಗೆ ಸಿಗುವುದು ಎರಡೂವರೆ. 25 ವಾಟಿನ ಐದು ಬಲ್ಬುಗಳನ್ನು ರಾತ್ರಿ ನಾಲ್ಕು ಗಂಟೆ ಉರಿಸಿದರೆ ಅರ್ಧ ಯೂನಿಟ್. ಹಾಗಾಗಿ ವಾರಕ್ಕೆ ಎರಡು ಸಲ ಎಂಜಿನ್ ಹಚ್ಚಿದರೆ ದೀಪಕ್ಕೆ ಸಾಕು. ಇಸ್ತ್ರಿ, ಬಟ್ಟೆ ಒಗೆಯುವುದು ಮುಂತಾದ ಭಾರದ ಕೆಲಸಗಳನ್ನು ಎಂಜಿನ್ ಓಡುವ ದಿನಕ್ಕೇ ಇಟ್ಟುಕೊಂಡರೆ ಬ್ಯಾಟರಿಗೆ ಪೆಟ್ಟು ಬೀಳದು.

ತಪ್ಪುತ್ತಿದ್ದದ್ದು ಚಾರ್ಜಿನ ಕೊನೆಯ ಹಂತದಲ್ಲಿ. ಖಾಲಿ ಬ್ಯಾಟರಿ ಮೊದಲ ಗಂಟೆಗಳಲ್ಲಿ ಕರೆಂಟನ್ನು ಗಟಗಟ ಕುಡಿಯುತ್ತದೆ. ಮುಕ್ಕಾಲು ತುಂಬಿದ ಮೇಲೆ ಗುಟುಕು ಗುಟುಕಾಗಿ ಇಳಿಸಿಕೊಳ್ಳುತ್ತದೆ. ಕೊನೆಯ ಐದನೇ ಒಂದು ಪಾಲು ತುಂಬುವುದಕ್ಕೆ ಮೊದಲಿನ ನಾಲ್ಕು ಪಾಲಿನಷ್ಟೇ ಹೊತ್ತು ಹಿಡಿಯುವುದೂ ಉಂಟು. ಅಷ್ಟು ಹೊತ್ತೂ ಎಂಜಿನ್ನು ಸೀಮೆಎಣ್ಣೆ ಸುಡುತ್ತ ಅರೆಕೆಲಸ ಮಾಡುತ್ತಿರುತ್ತದೆ. ಎಣ್ಣೆಗೆ ದುಡ್ಡು ಕೊಟ್ಟವನಿಗೆ ಇದು ದಂಡವೆನ್ನಿಸಿ, ಬಲ್ಬು ಪ್ರಕಾಶವಾಗಿ ಉರಿಯತೊಡಗಿದ ಕೂಡಲೇ ಎಂಜಿನ್ ನಿಲ್ಲಿಸುತ್ತಿದ್ದ. ಅಂದಿನ ದೀಪಕ್ಕೆ ಏನೂ ಕೊರತೆಯಾಗದು, ಪ್ಲೇಟಿನ ಮೇಲೆ ಮಾತ್ರ ಪ್ರತಿ ಸಲವೂ ಒಂದಿಷ್ಟು ಸಲ್ಫೇಟ್ ಉಳಿದು ಹರಳುಗಟ್ಟುತ್ತದೆ. ಹತ್ತು ವರ್ಷ ಬಾಳಬೇಕಾದ ಬ್ಯಾಟರಿ ಹೀಗೆ ಅರೆಹೊಟ್ಟೆಯಲ್ಲೇ ಮೂರ್ನಾಲ್ಕು ವರ್ಷಕ್ಕೆ ಮುಗಿಯುತ್ತಿತ್ತು. ಎಣ್ಣೆಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ದುಡ್ಡು ಹೊಸ ಜಾಡಿಗಳಿಗೆ ಹೋಗುತ್ತಿತ್ತು. ಬ್ಯಾಟರಿಯೊಳಕ್ಕೆ ಹೋದ ಆಂಪಿಯರ್-ಗಂಟೆಗಳನ್ನು ಎಣಿಸಿ, ತುಂಬಿದ ಮೇಲೆ ತಾನೇ ಎಂಜಿನ್ ನಿಲ್ಲಿಸುವ ಮೀಟರನ್ನು ಡೆಲ್ಕೊ ಜೋಡಿಸಿತ್ತು. ಆದರೆ ಅದಕ್ಕೂ ಮುಂಚೆ ಕೈಯಿಂದ ನಿಲ್ಲಿಸುವವನನ್ನು ತಡೆಯುವ ಮೀಟರು ಯಾವುದೂ ಇಲ್ಲವಲ್ಲ!

ಅಮೆರಿಕದ ಉತ್ತರದ ಬಯಲಿನಲ್ಲಿ ಚಳಿಯೂ ಸೇರಿಕೊಳ್ಳುತ್ತಿತ್ತು. ತುಂಬಿದ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಪೂರ್ತಿ ಖಾಲಿಯಾಗಿ ಸಾಂದ್ರತೆ 1.10ಕ್ಕೆ ಇಳಿದದ್ದು ಮೈನಸ್ 7 ಡಿಗ್ರಿಗೇ ಗಡ್ಡೆಯಾಗುತ್ತದೆ. ಬೆಳಗಾಗುವುದರೊಳಗೆ ಜಾಡಿ ಸೀಳಿರುತ್ತದೆ. ಥಾಮಸ್ ಎಡಿಸನ್ 20ನೇ ಶತಮಾನದ ಮೊದಲ ದಶಕದಲ್ಲಿ ತಂದ ನಿಕ್ಕಲ್-ಕಬ್ಬಿಣದ ಬ್ಯಾಟರಿಗೆ ಈ ಗೋಳು ಬಹುಮಟ್ಟಿಗೆ ಇರಲಿಲ್ಲ. ಅರೆ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೂ ಅದು ಸಾಯದು. ಆದರೆ ಬೆಲೆ ದುಬಾರಿ, ಸುಮ್ಮನಿದ್ದರೂ ಚಾರ್ಜ್ ಸೋರುತ್ತದೆ, ಚಳಿಯಲ್ಲಿ ಸೋಮಾರಿ. ಹೀಗಾಗಿ ಅದು ಗಣಿ, ರೈಲುಗಳ ಕಡೆ ಹೋಯಿತು. ರೈತರ ನೆಲಮಾಳಿಗೆಯಲ್ಲಿ ಸೀಸವೇ ಉಳಿಯಿತು.

1920ರ ದಶಕದಲ್ಲಿ ಹಳ್ಳಿಗೆ ರೇಡಿಯೊ ಬಂತು. ಡೆಲ್ಕೊ ಕೊಳ್ಳಲಾಗದ ಮನೆಯೂ ರೇಡಿಯೊ ಕೊಂಡಿತು, ಅದರ ಜೊತೆ 6 ವೋಲ್ಟಿನ ಒಂದು ಬ್ಯಾಟರಿ. ಅದು ಇಳಿದಾಗ ಪಟ್ಟಣದ ಗ್ಯಾರೇಜಿಗೆ ಒಯ್ದು ಚಾರ್ಜಿಗೆ ಹಾಕಿ, ಎರಡು ದಿನ ಬಿಟ್ಟು ತರಬೇಕು. ಅಯೋವಾ ರಾಜ್ಯದ ಚೆರೋಕಿ ಬಳಿಯ ಜಾನ್ ಮತ್ತು ಗೆರ್ಹಾರ್ಡ್ ಆಲ್ಬರ್ಸ್ ಎಂಬ ಅಣ್ಣತಮ್ಮಂದಿರು ಇದಕ್ಕೆ ಮನೆಯ ಸೂರಿನ ಮೇಲೆಯೇ ಉತ್ತರ ನಿಲ್ಲಿಸಿದರು: ಕಾರಿನ ಡೈನಮೊಗೆ ಮರದ ಎರಡು ರೆಕ್ಕೆ. ವಿನ್‌ಚಾರ್ಜರ್ ಎಂಬ ಹೆಸರಿನ ಈ ಯಂತ್ರ ಸೂ ಸಿಟಿಯ ಕಾರ್ಖಾನೆಯಿಂದ ಬರತೊಡಗಿತು. 1935ರಲ್ಲಿ ಜೆನಿತ್ ರೇಡಿಯೊ ಕಂಪನಿ ಇವರೊಡನೆ ಕೈಜೋಡಿಸಿ, ರೇಡಿಯೊ ಕೊಂಡವರಿಗೆ ವಿನ್‌ಚಾರ್ಜರನ್ನು 10 ಡಾಲರಿಗೆ ಕೊಡತೊಡಗಿತು. ವರ್ಷಕ್ಕೆ 50 ಸೆಂಟಿನ ಖರ್ಚಿನಲ್ಲಿ ರೇಡಿಯೊ ಎಂಬುದು ಅದರ ಜಾಹೀರಾತಿನ ಮಾತು. ರೇಡಿಯೊಗೆಂದು ಏರಿದ ರೆಕ್ಕೆ ಬಲುಬೇಗ ಅಡುಗೆಮನೆಯ ಒಂದು, ಪಡಸಾಲೆಯ ಒಂದು ಬಲ್ಬನ್ನೂ ಹೊತ್ತಿಸಿತು. ಅಮೆರಿಕದ ಎಷ್ಟೋ ಬಡ ಹೊಲಮನೆಗಳಿಗೆ ಮೊದಲ ವಿದ್ಯುತ್ ದೀಪ ಹೀಗೆ ಹಿಂಬಾಗಿಲಿನಿಂದ ಒಳಬಂತು.

ಇದಕ್ಕಿಂತ ಗಟ್ಟಿ ಯಂತ್ರ ಜೇಕಬ್ಸ್ ಸೋದರರದು. ಮಾರ್ಸೆಲಸ್ ಮತ್ತು ಜೋ ಜೇಕಬ್ಸ್ ಬೆಳೆದದ್ದು ಮೊಂಟಾನಾ ರಾಜ್ಯದ ಪೂರ್ವದಲ್ಲಿ, ಪಟ್ಟಣದಿಂದ ಬಹುದೂರದ ಜಾನುವಾರು ಸಾಕುವ ಹೊಲಮನೆಯಲ್ಲಿ. ಎಂಜಿನ್ನಿಗೆ ಎಣ್ಣೆ ಹೊತ್ತು ತರುವ ಕಷ್ಟ ಸಾಕಾಗಿ 1920ರ ದಶಕದ ಆರಂಭದಲ್ಲಿ ಗಾಳಿಗೆ ಕೈಹಾಕಿದರು. ಬಾವಿಯ ನೀರೆತ್ತುವ ಹಲವು ರೆಕ್ಕೆಗಳ ಚಕ್ರ ನಿಧಾನವಾಗಿ ತಿರುಗುವಂಥದ್ದು, ಡೈನಮೊಗೆ ಆ ವೇಗ ಸಾಲದು. ವಿಮಾನದ ಮಾದರಿಯ ಎರಡು ರೆಕ್ಕೆ ಹಾಕಿದರೆ ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಗೋಪುರವೇ ನಡುಗುತ್ತಿತ್ತು. ಮೂರು ರೆಕ್ಕೆಗೆ ನಡುಕ ನಿಂತಿತು. ಇಂದು ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ದೈತ್ಯಗಳಿಗೂ ಮೂರೇ ರೆಕ್ಕೆ. 1920ರ ದಶಕದ ಕೊನೆಗೆ ಸೋದರರು ಮಿನಿಯಾಪೊಲಿಸ್ಸಿಗೆ ಕಾರ್ಖಾನೆ ಸಾಗಿಸಿದರು. ಅಲ್ಲಿಂದ ಎರಡೂವರೆ ಕಿಲೋವಾಟಿನ 32 ವೋಲ್ಟ್ ಯಂತ್ರಗಳು ದೇಶದ ತುಂಬ ಹೋದವು. 1933ರಲ್ಲಿ ಧ್ರುವಯಾತ್ರಿ ಅಡ್ಮಿರಲ್ ಬರ್ಡ್ ಅಂಟಾರ್ಕ್ಟಿಕಾಕ್ಕೆ ಒಯ್ದದ್ದೂ ಜೇಕಬ್ಸ್ ಯಂತ್ರವನ್ನೇ.

ಗಾಳಿಗೆ ದುಡ್ಡಿಲ್ಲ, ಆದರೆ ಹೊತ್ತು ಗೊತ್ತೂ ಇಲ್ಲ. ಗಾಳಿ ಸತ್ತ ರಾತ್ರಿ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ಡೈನಮೊವನ್ನೇ ಫ್ಯಾನಿನಂತೆ ತಿರುಗಿಸಿಬಿಡುತ್ತದೆ. ಅದನ್ನು ತಡೆಯಲು ಕಟ್-ಔಟ್ ಎಂಬ ರಿಲೇ ಬೇಕಾಯಿತು: ಡೈನಮೊದ ವೋಲ್ಟೇಜು ಬ್ಯಾಟರಿಗಿಂತ ಕೆಳಗಿಳಿದ ಕೂಡಲೇ ಟಪ್ ಎಂದು ಬಿಡಿಸಿಕೊಳ್ಳುವ ಸಣ್ಣ ಕೊಂಡಿ. ಬಿರುಗಾಳಿಯ ವಾರದಲ್ಲಿ ಸಮಸ್ಯೆ ತಿರುಗುಮುರುಗು. ತುಂಬಿದ ಜಾಡಿಗಳು ಅನ್ನದ ಎಸರಿನಂತೆ ಕುದಿದು ನೀರು ಕಳೆದುಕೊಳ್ಳುತ್ತವೆ. ರೆಕ್ಕೆಯನ್ನು ಗಾಳಿಯಿಂದ ಹೊರಳಿಸಿ ಕಟ್ಟಬೇಕು, ಇಲ್ಲವೇ ಮನೆಯ ದೀಪಗಳನ್ನೆಲ್ಲ ಹಚ್ಚಿಡಬೇಕು. ಬಯಲಿನ ಮನೆಗಳಲ್ಲಿ ಬಿರುಗಾಳಿಯ ರಾತ್ರಿಯೇ ಬೆಳಕು ಧಾರಾಳವಾಗಿದ್ದದ್ದು ಹೀಗೆ.

1935ರಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕಂಬದ ಕರೆಂಟಿತ್ತು. ಆ ವರ್ಷ ಮೇ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದ. ಮರುವರ್ಷ ಅದಕ್ಕೊಂದು ಕಾಯಿದೆಯೂ ಬಂತು. ರೈತರೇ ಕಟ್ಟಿಕೊಂಡ ಸಹಕಾರ ಸಂಘಗಳಿಗೆ ಸರ್ಕಾರ ಕಡಿಮೆ ಬಡ್ಡಿಯ ಸಾಲ ಕೊಟ್ಟು ಕಂಬ ನೆಡಿಸಿತು. 1950ರ ದಶಕದ ನಡುವಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹೊಲಮನೆಗಳಿಗೆ ಕರೆಂಟ್ ಬಂದಿತ್ತು. 32 ವೋಲ್ಟಿನ ಇಸ್ತ್ರಿ, ರೇಡಿಯೊ, ಮೋಟಾರುಗಳು ರಾತ್ರೋರಾತ್ರಿ ಗುಜರಿಯಾದವು. ಎಣ್ಣೆ ತರುವ, ಗುಂಡು ನೋಡುವ, ನೀರು ಹಾಕುವ ಕೆಲಸ ತಪ್ಪಿದ್ದಕ್ಕೆ ಬೇಸರಪಟ್ಟವರು ಕಡಿಮೆ. ಜೇಕಬ್ಸ್ ಕಾರ್ಖಾನೆಯೂ 1950ರ ದಶಕದಲ್ಲಿ ಬಾಗಿಲೆಳೆಯಿತು. 32 ವೋಲ್ಟು ಇನ್ನಷ್ಟು ಕಾಲ ಬದುಕಿದ್ದು ಆಸ್ಟ್ರೇಲಿಯಾದ ಕುರಿ ಸಾಕುವ ಒಳನಾಡಿನಲ್ಲಿ. ಅಲ್ಲಿಗೆ ಕಂಬ ತಲುಪುವುದು ಇನ್ನೂ ತಡವಾಯಿತು.

ಕಂಬದಿಂದ ಬೇಕೆಂದೇ ದೂರ ಹೋದವರು 1970ರ ದಶಕದಲ್ಲಿ ಕಾಣಿಸಿಕೊಂಡರು. ನಗರ ಬಿಟ್ಟು ಕ್ಯಾಲಿಫೋರ್ನಿಯಾದ ಉತ್ತರ, ಆರೆಗಾನಿನ ಕಾಡುಗಳಲ್ಲಿ ಮರದ ಮನೆ ಕಟ್ಟಿಕೊಂಡ ತರುಣರು ಮೊದಲು ಸೀಮೆಎಣ್ಣೆ ಲಾಂದ್ರ ಹಚ್ಚಿದರು. ಆಮೇಲೆ ಕಾರಿನ ಬ್ಯಾಟರಿಯನ್ನು ಮನೆಯೊಳಗೆ ತಂದು 12 ವೋಲ್ಟಿನ ಬಲ್ಬು ಹಾಕಿದರು. ಹಗಲು ಪಟ್ಟಣಕ್ಕೆ ಹೋಗಿಬಂದರೆ ಕಾರೇ ಅದನ್ನು ತುಂಬಿಸಿಕೊಡುತ್ತಿತ್ತು. ಆರೆಗಾನಿನ ಗುಡ್ಡಗಾಡಿನಲ್ಲಿ ನೆಲೆಸಿದ ರಿಚರ್ಡ್ ಪೆರೆಜ್, ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಕಾರಿನ ಆಲ್ಟರ್ನೇಟರ್ ಜೋಡಿಸಿ ಬ್ಯಾಟರಿ ತುಂಬಿಸುವ ವಿಧಾನಗಳನ್ನು ವರ್ಷಗಟ್ಟಲೆ ತಿದ್ದಿದವನು. 1985ರಲ್ಲಿ ಬ್ಯಾಟರಿಯ ಬಗ್ಗೆಯೇ ಒಂದು ಪುಸ್ತಕ ಬರೆದ. 1987ರಲ್ಲಿ ಹೆಂಡತಿ ಕ್ಯಾರನ್ ಜೊತೆ ‘ಹೋಮ್ ಪವರ್’ ಪತ್ರಿಕೆ ಆರಂಭಿಸಿದ. ಡೆಲ್ಕೊ ಕಾಲದ ರೈತನ ತಪ್ಪೇ ಈ ಕಾಡಿನ ಮನೆಗಳಲ್ಲೂ ಮರುಕಳಿಸಿತ್ತು. ಕಾರಿನ ರೆಗ್ಯುಲೇಟರು ಸುಮಾರು 14 ವೋಲ್ಟಿಗೆ ಹಿಡಿದಿಟ್ಟಿರುತ್ತದೆ. ಸ್ಟಾರ್ಟರ್ ಬಳಸಿದ ಒಂದಿಷ್ಟನ್ನು ತಿರುಗಿ ತುಂಬಲು ಅದು ಸಾಕು. ರಾತ್ರಿಯೆಲ್ಲ ದೀಪಕ್ಕೆ ದುಡಿದ ಬ್ಯಾಟರಿಗೆ ಆ ವೋಲ್ಟೇಜಿನಲ್ಲಿ ಹೊಟ್ಟೆ ತುಂಬಲು ದಿನವಿಡೀ ಬೇಕು. ಅಷ್ಟು ಹೊತ್ತು ಎಂಜಿನ್ ಯಾರು ಓಡಿಸುತ್ತಾರೆ? ಕಾರಿನ ಬ್ಯಾಟರಿಯ ತೆಳು ಪ್ಲೇಟುಗಳಂತೂ ಒಂದೇ ಉಸಿರಿನ ಓಟಕ್ಕೆ ಮಾಡಿದವು, ರಾತ್ರಿಯೆಲ್ಲ ನಡೆಯುವುದಕ್ಕಲ್ಲ. ಒಂದು ವರ್ಷದಲ್ಲಿ ಕೈಚೆಲ್ಲುತ್ತಿದ್ದವು. ಗಾಲ್ಫ್ ಮೈದಾನದ ಗಾಡಿಗಳಿಗೆಂದು ಮಾಡಿದ ದಪ್ಪ ಪ್ಲೇಟಿನ 6 ವೋಲ್ಟಿನ ಬ್ಯಾಟರಿಗಳು ಕಾಡಿನ ಮನೆಗಳಿಗೆ ಬಂದದ್ದು ಈ ಪಾಠದಿಂದ.

ಗಂಟು ಬಿಡಿಸಿದ್ದು ಸೌರ ಪ್ಯಾನೆಲ್. ಸಿಲಿಕಾನ್ ಸೌರಕೋಶವನ್ನು ಬೆಲ್ ಪ್ರಯೋಗಾಲಯ 1954ರಲ್ಲೇ ತೋರಿಸಿತ್ತು. ಕೊಳ್ಳುವ ಬೆಲೆಗೆ ಇಳಿಯತೊಡಗಿದ್ದು 1970ರ ದಶಕದ ಕೊನೆಗೆ. ಒಂದೊಂದು ಕೋಶ ಅರ್ಧ ವೋಲ್ಟು. 36 ಕೋಶಗಳನ್ನು ಸರಪಳಿಯಾಗಿ ಪೋಣಿಸಿದರೆ ಬಿಸಿಲಿಗೆ ಕಾದಾಗಲೂ 12 ವೋಲ್ಟಿನ ಬ್ಯಾಟರಿ ತುಂಬುವಷ್ಟು ಒತ್ತಡ ಉಳಿಯುತ್ತದೆ. ಇಂಧನದ ಖರ್ಚಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಬ್ಯಾಟರಿಯ ಕಡೆಯಿಂದ ನೋಡಿದರೆ ದೊಡ್ಡ ಅನುಕೂಲ ಬೇರೆ: ಗುಟುಕು ಗುಟುಕಾಗಿ ಇಳಿಯುವ ಆ ಕೊನೆಯ ಐದನೇ ಪಾಲನ್ನು ಮಧ್ಯಾಹ್ನದ ಬಿಸಿಲು ಪುಕ್ಕಟೆಯಾಗಿ, ಸದ್ದಿಲ್ಲದೆ, ಗಂಟೆಗಟ್ಟಲೆ ಕಾದು ತುಂಬಿಸುತ್ತದೆ. ಎಂಜಿನ್ ಆರಿಸುವ ಕೈಗೆ ಅಲ್ಲಿ ಕೆಲಸವಿಲ್ಲ. ಹೆಚ್ಚಾದಾಗ ತಡೆಯುವ, ತೀರಾ ಇಳಿದಾಗ ದೀಪವನ್ನೇ ಆರಿಸಿಬಿಡುವ ಚಾರ್ಜ್ ಕಂಟ್ರೋಲರ್ ಎಂಬ ಪುಟ್ಟ ಡಬ್ಬಿ, ಹಳೆಯ ಬಂಗಲೆಯ ಕೊಟ್ಟಿಗೆಯ ಆಳಿನ ಜಾಗಕ್ಕೆ ಬಂತು.

ಈ 12 ವೋಲ್ಟಿನ ಮನೆ ಕರ್ನಾಟಕಕ್ಕೂ ಬಂತು. ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಆದರೂ ಶರಾವತಿಯ ಸುತ್ತಲಿನದೇ ಎಷ್ಟೋ ಒಂಟಿ ಮನೆಗಳು 20ನೇ ಶತಮಾನದ ಕೊನೆಯವರೆಗೂ ಚಿಮಣಿ ಬುಡ್ಡಿಯಲ್ಲೇ ಇದ್ದವು. ಮಲೆನಾಡಿನ ಮನೆ ಊರಿನಂತೆ ಒತ್ತಾಗಿ ಕೂತದ್ದಲ್ಲ. ಕಣಿವೆಗೊಂದು ಮನೆ, ಅದಕ್ಕೊಂದು ಅಡಿಕೆ ತೋಟ, ನಡುವೆ ಕಾಡು. ಅಂಥ ಒಂದು ಮನೆಗೆ ಹತ್ತಾರು ಕಂಬ ನೆಡಬೇಕು, ಮಳೆಗಾಲದಲ್ಲಿ ಮರ ಬಿದ್ದರೆ ತಂತಿ ತಿಂಗಳು ಮಲಗುತ್ತದೆ. ಟೀವಿ ಬಂದ ಕಾಲಕ್ಕೆ, 1980ರ ದಶಕದ ಕೊನೆಯಲ್ಲಿ, ಭಾನುವಾರದ ರಾಮಾಯಣಕ್ಕೆಂದು ಬ್ಯಾಟರಿಯನ್ನು ಬಸ್ಸಿನಲ್ಲಿ ಪೇಟೆಗೆ ಒಯ್ದು ಚಾರ್ಜಿಗೆ ಹಾಕಿಸಿ ತರುವ ಮನೆಗಳಿದ್ದವು. ಅಯೋವಾದ ರೇಡಿಯೊ ಬ್ಯಾಟರಿಯ ಕಥೆ ಅರ್ಧ ಶತಮಾನದ ಮೇಲೆ ಇಲ್ಲಿ ಮತ್ತೆ ನಡೆದಿತ್ತು.

1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೊ ಎಂಬ ಸೌರದೀಪದ ಕಂಪನಿ ಸ್ಥಾಪಿಸಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೆಲ್ಕೊ ಮಾರಿದ್ದರಲ್ಲಿ ಹೊಸದೆಂದರೆ ಪ್ಯಾನೆಲ್ ಅಲ್ಲ, ಸಾಲ ಮತ್ತು ಮನೆ ಬಾಗಿಲಿಗೆ ಬರುವ ಮೆಕ್ಯಾನಿಕ್. ಗ್ರಾಮೀಣ ಬ್ಯಾಂಕುಗಳು ಪಂಪ್‌ಸೆಟ್ಟಿಗೆ ಕೊಟ್ಟಂತೆ ದೀಪಕ್ಕೂ ಸಾಲ ಕೊಡುವಂತಾಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿಯ ಹೊರೆ ಇಳಿಸುವ ಯೋಜನೆ ತಂದಾಗ ಅದು ಇನ್ನಷ್ಟು ಹಬ್ಬಿತು. ಆಗಿನ ಸಾಮಾನ್ಯ ಜೋಡಣೆ ನಾಲ್ಕು ದೀಪದ್ದು: ಹಂಚಿನ ಮೇಲೆ 35-37 ವಾಟಿನ ಪ್ಯಾನೆಲ್ಲು, ಒಳಗೆ ಕಪಾಟಿನ ಮೇಲೊಂದು ಬ್ಯಾಟರಿ, ಜಗಲಿ, ನಡುಮನೆ, ಅಡುಗೆಮನೆ, ಕೊಟ್ಟಿಗೆಗೆ ಒಂದೊಂದು ಸಿಎಫ್‌ಎಲ್. ಬಿಸಿಲು ಚೆನ್ನಾಗಿದ್ದ ದಿನ ಆ ಪ್ಯಾನೆಲ್ಲು ಕೊಡುವುದು ಸೋರಿಕೆ ಕಳೆದು ಸುಮಾರು 140 ವಾಟ್-ಗಂಟೆ. 9 ವಾಟಿನ ನಾಲ್ಕು ದೀಪ ನಾಲ್ಕು ಗಂಟೆ ಉರಿದರೆ 144. ಕೂಡಿ ಕಳೆದರೆ ಉಳಿಯುವುದು ಏನೂ ಇಲ್ಲ.

ಈ ಬಿಗಿ ಲೆಕ್ಕವನ್ನು ಮಲೆನಾಡಿನ ಮಳೆ ಕೆಡಿಸುತ್ತದೆ. ಆಗುಂಬೆಯಂಥಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣದು, ಕಂಡರೂ ತೋಟದ ನೆರಳು. ಬ್ಯಾಟರಿ ಅರೆಹೊಟ್ಟೆಯಲ್ಲಿ ಬೀಳುವುದು ಆಗಲೇ. ಕಂಟ್ರೋಲರಿನ ಕೆಂಪು ದೀಪ ಹತ್ತಿ ಬೆಳಕು ಆರಿದಾಗ, ಕಂಟ್ರೋಲರನ್ನು ತಪ್ಪಿಸಿ ಬ್ಯಾಟರಿಗೇ ನೇರ ತಂತಿ ಕೊಟ್ಟುಕೊಳ್ಳುವ ಚಾಳಿಯೂ ಇತ್ತು. ಆ ರಾತ್ರಿಗೆ ಬೆಳಕು, ಮುಂದಿನ ವರ್ಷಕ್ಕೆ ಹೊಸ ಬ್ಯಾಟರಿ. ನೀರು ಹಾಕುವ ಕೆಲಸ ಬಹುಪಾಲು ಮನೆಯ ಹೆಂಗಸರದಾಯಿತು. ಬಾವಿ ನೀರು ಹಾಕಬಾರದು, ಅದರ ಲವಣ ಪ್ಲೇಟನ್ನು ತಿನ್ನುತ್ತದೆ. ಅಂಗಡಿಯ ‘ಬ್ಯಾಟರಿ ನೀರೇ’ ಆಗಬೇಕು. ಟರ್ಮಿನಲ್ಲಿಗೆ ಹಸಿರು ಕಿಲುಬು ಹತ್ತಿದರೆ ಬಿಸಿನೀರಿನಲ್ಲಿ ತೊಳೆದು ವ್ಯಾಸಲೀನ್ ಸವರಬೇಕು.

ಬಿಸಿಲು ಮರೆಯಾದ ಅದೇ ತಿಂಗಳುಗಳಲ್ಲಿ ಮನೆಯ ಹಿಂದಿನ ಹಳ್ಳ ತುಂಬಿ ಧುಮುಕುತ್ತಿರುತ್ತದೆ. ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಪೈಪಿನಿಂದ ನೀರಿಳಿಸಿ ಒಂದು ಕಿಲೋವಾಟಿನ ಆಸುಪಾಸಿನ ಟರ್ಬೈನ್ ತಿರುಗಿಸುವ ಮನೆಗಳು ಈ ಶತಮಾನದ ಆರಂಭದಿಂದ ಹೆಚ್ಚಿದವು. ಸರ್ಕಾರದ ಸಹಾಯಧನವೂ ಸಿಕ್ಕಿತು. ಹಳ್ಳ ಹಗಲಿರುಳೂ ಹರಿಯುವುದರಿಂದ ಇಲ್ಲಿ ಬ್ಯಾಟರಿಯೇ ಬೇಡ. ದೀಪ ಆರಿಸಿದಾಗ ಹೆಚ್ಚಾದ ಕರೆಂಟನ್ನು ಹೀಟರ್ ಕಾಯಿಲಿಗೆ ತಿರುಗಿಸಿದರಾಯಿತು. ಆದರೆ ಬೇಸಿಗೆಗೆ ಹಳ್ಳ ಬತ್ತುತ್ತದೆ, ಆಗ ಮತ್ತೆ ಪ್ಯಾನೆಲ್ಲು, ಮತ್ತೆ ಬ್ಯಾಟರಿ. ಎರಡನ್ನೂ ಇಟ್ಟುಕೊಂಡ ಮನೆಗೆ ವರ್ಷವಿಡೀ ಬೆಳಕು.

ಬ್ಯಾಟರಿಯ ಹೊರೆಯನ್ನು ನಿಜವಾಗಿ ಇಳಿಸಿದ್ದು ಬಲ್ಬು. 1990ರ ದಶಕದಲ್ಲಿ ಜಪಾನಿನಲ್ಲಿ ನೀಲಿ ಎಲ್‌ಇಡಿ, ಅದರಿಂದ ಬಿಳಿ ಎಲ್‌ಇಡಿ ಬಂದವು. ಡೆಲ್ಕೊ ಮನೆಯಲ್ಲಿ 25 ವಾಟಿನ ಬಲ್ಬು ಕೊಡುತ್ತಿದ್ದ ಬೆಳಕಿಗೆ ಇಂದು ಮೂರು ವಾಟು ಸಾಕು. ಆಗ ಒಂದು ರಾತ್ರಿಗೆ ಮುಗಿಯುತ್ತಿದ್ದಷ್ಟು ವಿದ್ಯುತ್ತು ಈಗ ವಾರ ನಡೆಸುತ್ತದೆ, ಮಳೆಯ ಕೆಲವು ದಿನ ಕಳೆದರೂ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯದು.

ಕೊನೆಗೆ ಸೀಸವೇ ಜಾಗ ಬಿಡತೊಡಗಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ನೀರು ಬೇಡ, ಅದು ಆಮ್ಲ ಚೆಲ್ಲದು. ಅರ್ಧ ತುಂಬಿದ ಸ್ಥಿತಿಯಲ್ಲಿ ತಿಂಗಳು ಬಿಟ್ಟರೂ ಕೆಡದು, ಬದಲಿಗೆ ಸದಾ ಪೂರ್ತಿ ತುಂಬಿ ಇಡುವುದೇ ಅದಕ್ಕೆ ಅಷ್ಟಾಗಿ ಒಗ್ಗದು. ಸೀಸದ ಬ್ಯಾಟರಿ ಕಲಿಸಿದ ಅಭ್ಯಾಸವೆಲ್ಲ ಇಲ್ಲಿ ತಲೆಕೆಳಗು. ಚಳಿಯೊಂದೇ ಹಳೆಯ ವೈರಿಯಾಗಿ ಉಳಿದಿದೆ: ಶೂನ್ಯ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೆ ಲೋಹ ಗಟ್ಟಿಕಟ್ಟಿ ಕೋಶ ಹಾಳಾಗುತ್ತದೆ. ಹೈಡ್ರೋಜನ್ ಅನಿಲಕ್ಕೆ ಹೆದರಿ ನೂರು ವರ್ಷ ಕೊಟ್ಟಿಗೆಯಲ್ಲೂ ನೆಲಮಾಳಿಗೆಯಲ್ಲೂ ಇರಿಸಿದ ಬ್ಯಾಟರಿಯನ್ನು ಮೊಂಟಾನಾದಂಥ ಚಳಿನಾಡಿನ ಒಂಟಿ ಮನೆಗಳಲ್ಲಿ ಈಗ ಒಲೆಯಿರುವ ಕೋಣೆಗೆ ತಂದು ಬೆಚ್ಚಗೆ ಇಡುತ್ತಾರೆ. ಡೆಲ್ಕೊ ಕಾಲದ ಗಾಜಿನ ಜಾಡಿಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮಾರಾಟಕ್ಕಿವೆ.